ಒರ್ವಿಯೇಟೊ: ಇಳಿದವರು ಹತ್ತಲೇಬೇಕು

ರೋಮ್‌ನಿಂದ ಫ್ಲಾರೆನ್ಸಿಗೆ ಹೋಗುವ ದಾರಿಯಲ್ಲಿ ಒರ್ವಿಯೇಟೊದಲ್ಲಿ ಇಳಿಯಿರಿ, ಮೂರ್ನಾಲ್ಕು ಗಂಟೆ ಸಾಕು. ಸ್ಟೇಷನ್ ಕೆಳಗೆ, ಊರು ಬಂಡೆಯ ನೆತ್ತಿಯ ಮೇಲೆ. ಎದುರಿಗೇ ಗುಡ್ಡ ಹತ್ತಿಸುವ ಫ್ಯುನಿಕ್ಯುಲರ್ ಕಂಡು, ಕಾಲಿಗೆ ಕೆಲಸ ತಪ್ಪಿತೆಂದು ಹಿಗ್ಗುತ್ತೀರಿ. ಮೇಲೆ ಇಳಿದರೆ ಪಕ್ಕದಲ್ಲೇ ಬಾವಿ!

1527ರಲ್ಲಿ ರೋಮ್ ಲೂಟಿಯಾದಾಗ ಇಲ್ಲಿಗೆ ಓಡಿಬಂದ ಪೋಪ್ ಏಳನೆಯ ಕ್ಲೆಮೆಂಟ್‌ಗೆ, ಊರಿಗೆ ಮುತ್ತಿಗೆ ಬಿದ್ದರೆ ನೀರಿಗೇನು ಗತಿ ಎಂಬ ಚಿಂತೆ. ತೋಡಿಸಿಯೇಬಿಟ್ಟ. ಇಳಿಯಲು 248 ಮೆಟ್ಟಿಲು, ಹತ್ತಲು ಬೇರೆಯೇ 248. ನೀರು ಹೊರುವ ಹೇಸರಗತ್ತೆಗಳು ಎದುರುಬದುರಾಗಿ ದಾರಿಗೆ ಜಗಳವಾಡದಿರಲೆಂದು ಈ ಏರ್ಪಾಡು. ಈಗ ಹೇಸರಗತ್ತೆಗಳಿಲ್ಲ, ಟಿಕೆಟ್ ಕೊಂಡು ನಾವೇ ಆ ಡ್ಯೂಟಿ ಮಾಡುತ್ತೇವೆ, ಅದೂ ಒಂದು ಚೊಂಬು ನೀರೂ ತರದೆ!

1290ರಲ್ಲಿ ಕಟ್ಟಲು ಶುರುಮಾಡಿದ ಕೆಥೆಡ್ರಲ್ಲನ್ನು ಮೊದಲು ನೋಡಿಬಿಡಿ. ಬಾವಿ ಆಮೇಲಿರಲಿ, ಮೊಣಕಾಲು ಮುನಿದರೂ ವಾಪಸ್ ಇಳಿಸಲು ಫ್ಯುನಿಕ್ಯುಲರ್ ಪಕ್ಕದಲ್ಲೇ ಇರುತ್ತದೆ.