ರೀಇನ್‌ಸ್ಟಾಲ್ ಭಾವ

ನೆಂಟರಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಓದಿದ್ದು ಬಿ.ಕಾಂ., ಕೆಲಸ ವಿಮಾ ಕಚೇರಿಯಲ್ಲಿ, ಹೆಸರು ಮಾಡಿದ್ದು ಮಾತ್ರ ಕಂಪ್ಯೂಟರಿನಲ್ಲಿ. ನಮ್ಮ ಪಾಲಿಗೆ ಬಂದವರು ಅಕ್ಕನ ಯಜಮಾನರು. ಹಬ್ಬದೂಟಕ್ಕೆಂದು ಬಂದವರು ಕಾಲು ತೊಳೆದ ನೀರು ಆರುವ ಮೊದಲೇ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಸಿ ಡ್ರೈವಿನ ಪಟ್ಟಿ ಕೆಂಪಗಿದ್ದರೆ ಅವರ ಮುಖ ಅರಳುತ್ತದೆ.

“ಎಷ್ಟು ಸಲ ಹೇಳೋದಪ್ಪಾ, ಸಿ ಡ್ರೈವಲ್ಲಿ ಏನೂ ಇಡಬಾರದು ಅಂತ! ಎಲ್ಲಾ ಡಿಗೆ ಹಾಕು.”

ನಮ್ಮ ಡಿ ಡ್ರೈವ್ ಅಂದರೆ ಅದೇ ಹಾರ್ಡ್ ಡಿಸ್ಕಿನ ಇನ್ನೊಂದು ಭಾಗ, ಡಿಸ್ಕ್ ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ ಎಂದು ಹೇಳುವವರಾರು? ಮನೆ ಅಳಿಯ.

ಹೋದ ಯುಗಾದಿಗೆ ಸರದಿ ಬಂದದ್ದು ಅಪ್ಪನ ಕನ್ನಡ ಟೈಪಿಂಗ್ ತಂತ್ರಾಂಶಕ್ಕೆ. ಹಳೆಯ ಆಸ್ಕಿ ಕಾಲದ್ದು. ದೇವಸ್ಥಾನ ಸಮಿತಿಯ ನಡಾವಳಿಗಳೆಲ್ಲ ಅದರಲ್ಲೇ. ಭಾವ ಪ್ರೋಗ್ರಾಂ ಫೈಲ್ಸ್‌ನಿಂದ ಆ ಫೋಲ್ಡರನ್ನು ಕಟ್ ಮಾಡಿ ಡಿಯಲ್ಲಿ ಪೇಸ್ಟ್ ಮಾಡಿದರು. ಐಕಾನ್ ಒತ್ತಿದರೆ ಫೈಲೇ ಸಿಗಲಿಲ್ಲ. ಅನ್‌ಇನ್‌ಸ್ಟಾಲ್ ಮಾಡೋಣವೆಂದರೆ ಅದರ ಫೈಲೂ ಅದೇ ಫೋಲ್ಡರಿನ ಜೊತೆ ಡಿಗೆ ಹೋಗಿತ್ತು. ಹೊಸದಾಗಿ ಹಾಕೋಣವೆಂದರೆ ಸೆಟಪ್ “ಈಗಾಗಲೇ ಇದೆ” ಎಂದು ಹಟ ಹಿಡಿಯಿತು. ಮನೆ ಬದಲಾದರೂ ರೇಷನ್ ಕಾರ್ಡಿನಲ್ಲಿ ಹಳೇ ವಿಳಾಸವೇ ಉಳಿಯುವ ಹಾಗೆ, ವಿಂಡೋಸ್ ರಿಜಿಸ್ಟ್ರಿಯಲ್ಲಿ ಸಿ ಡ್ರೈವಿನ ದಾರಿಯೇ ಉಳಿದಿತ್ತು.

ಪಿಯುಸಿ ಓದುವ ನನ್ನ ಮಗಳು ಬಾಗಿಲಿಗೆ ಒರಗಿಕೊಂಡೇ ಹೇಳಿದಳು. “ಮಾವ, ಫೋಲ್ಡರನ್ನ ಮೊದಲಿದ್ದ ಕಡೆಗೇ ಹಾಕಿ. ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದು, ರೀಸ್ಟಾರ್ಟ್ ಮಾಡಿ, ಆಮೇಲೆ ಸೆಟಪ್‌ನಲ್ಲಿ ಡಿ ಅಂತ ತೋರಿಸಿ.”

“ಅಷ್ಟು ಸುಲಭ ಇಲ್ಲ ಪುಟ್ಟಾ” ಎಂದು ಭಾವ ರಿಜಿಸ್ಟ್ರಿ ತಿದ್ದುವ ರೆಜೆಡಿಟ್ ತೆರೆದರು.

“ಒಂದು ಸಲ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಳ್ಳಿ ಮಾವ.”

“ನಾನೇನು ಇವತ್ತು ಮಾಡ್ತಿರೋದಾ?”

ತಂತ್ರಾಂಶದ ಹೆಸರು ಕಂಡಲ್ಲೆಲ್ಲ ಡಿಲೀಟ್ ಒತ್ತಿದರು. ಅದೇ ಹುಮ್ಮಸ್ಸಿನಲ್ಲಿ ಅದರ ಫಾಂಟುಗಳನ್ನೂ ಗುಡಿಸಿಹಾಕಿದರು. ಒಬ್ಬಟ್ಟು ಆರಿತು. ಅಕ್ಕ ಎರಡು ಸಲ ಕರೆದು ಸುಮ್ಮನಾದಳು. ಅವಳಿಗೆ ಇದು ಹೊಸದಲ್ಲ. ಕೊನೆಗೂ ಸೆಟಪ್ ಒಪ್ಪಿ ತಂತ್ರಾಂಶ ಡಿಯಲ್ಲಿ ಕೂತಿತು. ಅಪ್ಪ ನಡಾವಳಿ ತೆರೆದರೆ ಒಂದಕ್ಷರ ಕನ್ನಡವಿಲ್ಲ, ಪುಟದ ತುಂಬ ತಲೆಯ ಮೇಲೆ ಕೊಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಆಸ್ಕಿ ಕಡತದಲ್ಲಿ ನಿಜವಾಗಿ ಇರುವುದೇ ಅವು, ಕನ್ನಡದ ವೇಷ ಹಾಕಿಸುವುದು ಫಾಂಟು. ಭಾವ ಕನ್ನಡಕ ಒರೆಸಿಕೊಂಡು “ವೈರಸ್” ಎಂದರು.

ಸಂಜೆ ಅವರು ಹೊರಟ ಮೇಲೆ ಮಗಳು ಬೇರೆ ಕಂಪ್ಯೂಟರಿನಿಂದ ಫಾಂಟು ತಂದು ಹಾಕಿದಳು. ಅವು ಹೋಗಿ ಕೂತದ್ದು ಸಿ ಡ್ರೈವಿನಲ್ಲೇ, ವಿಂಡೋಸಿನ ಫಾಂಟ್ಸ್ ಫೋಲ್ಡರಿನಲ್ಲಿ. ಇಷ್ಟೆಲ್ಲ ಮಾಡಿ ಉಳಿದದ್ದು ಒಂದು ವಾಟ್ಸ್ಆ್ಯಪ್ ವಿಡಿಯೊದಷ್ಟು ಜಾಗ. ಪಟ್ಟಿ ಕೆಂಪಗಾಗಲು ಕಾರಣ ಡೌನ್‌ಲೋಡ್ಸ್‌ನಲ್ಲಿದ್ದ ಸಿನಿಮಾಗಳು. ಸಂಕ್ರಾಂತಿಗೆ ಬಂದಾಗ ಭಾವನೇ ಇಳಿಸಿಟ್ಟದ್ದು.

ನಿಮ್ಮಲ್ಲಿಗೂ ಇಂಥವರು ಬರುವುದಿದ್ದರೆ ಹೂರಣ ರುಬ್ಬುವ ಮೊದಲೇ ಹಳೆಯ ಕನ್ನಡ ಕಡತಗಳನ್ನೆಲ್ಲ ಪಿಡಿಎಫ್ ಮಾಡಿ, ಫಾಂಟು ಅದರೊಳಗೇ ಸೇರಿದೆಯೇ ನೋಡಿ, ಪೆನ್‌ಡ್ರೈವಿಗೆ ಹಾಕಿಡಿ. ಪೆನ್‌ಡ್ರೈವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ.