ಸಿ ಭಾಷೆಯ ದಾಕ್ಷಿಣ್ಯ

ಮನುಷ್ಯನನ್ನು ಸಂಪೂರ್ಣವಾಗಿ ನಂಬುವ ವಸ್ತುಗಳು ಲೋಕದಲ್ಲಿ ಅತಿ ವಿರಳ. ಮನೆಯಲ್ಲಿ ನನ್ನ ಮಾತಿಗೆ ಇರುವ ಬೆಲೆ ಅಷ್ಟಕ್ಕಷ್ಟೆ; ಬ್ಯಾಂಕಿನವರು ನನ್ನ ಸಹಿಯನ್ನು ನನ್ನದೆಂದು ಒಪ್ಪಲು ಎರಡು ಬಾರಿ ಕನ್ನಡಕ ಒರೆಸಿಕೊಳ್ಳುತ್ತಾರೆ; ಆದರೆ 1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿ ಎಂಬ ಮಹನೀಯರು ರೂಪಿಸಿದ ಸಿ ಎಂಬ ಕಂಪ್ಯೂಟರ್ ಭಾಷೆಯೊಂದು ಮಾತ್ರ, ನಾನು ಏನನ್ನು ಬರೆದರೂ, ತಾವು ಬಲ್ಲವರು, ತಮಗೆ ಹೇಳುವಷ್ಟು ದೊಡ್ಡವನೇ ನಾನು ಎಂಬ ವಿನಯದಿಂದ ಶಿರಸಾವಹಿಸಿ ನಡೆಸಿಕೊಡುತ್ತದೆ. ಹತ್ತು ಅಕ್ಷರಗಳಿಗೆ ಸ್ಥಳ ಕಾದಿರಿಸಿ ಹನ್ನೊಂದನೆಯದನ್ನು ಬರೆಯಹೊರಟರೂ ಅದು ಬೇಡವೆನ್ನದು. ಪಕ್ಕದಲ್ಲಿ ಯಾರ ಲೆಕ್ಕಪತ್ರವಿದೆಯೋ ಅದರ ಮೇಲೆಯೇ ಬರೆದು ಕೈಮುಗಿದು ನಿಲ್ಲುತ್ತದೆ. ಇಂತಹ ಗೌರವಕ್ಕೆ ಮರುಳಾಗದ ತರುಣನುಂಟೆ?

ಈ ದಾಕ್ಷಿಣ್ಯದ ಪರಾಕಾಷ್ಠೆಯನ್ನು ಕಾಣಬಯಸುವವರು ‘ಗೆಟ್ಸ್’ ಎಂಬ ಫಂಕ್ಷನ್ನನ್ನು ನೋಡಬೇಕು. ಹೊರಗಿನಿಂದ ಬಂದ ಸಾಲೊಂದನ್ನು ಓದಿ ನೀವು ತೋರಿಸಿದಲ್ಲಿ ತುಂಬುವುದು ಅದರ ಕಾಯಕ. ಜಾಗವೆಷ್ಟಿದೆಯೆಂದು ವಿಚಾರಿಸುವ ದುರಭ್ಯಾಸ ಅದಕ್ಕಿಲ್ಲ. 1988ರ ನವೆಂಬರಿನಲ್ಲಿ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಹರಿಯಬಿಟ್ಟ ‘ಹುಳು’ ಎಂಬ ತಂತ್ರಾಂಶ, ಗೆಟ್ಸ್‌ನ ಈ ಗುಣವನ್ನೇ ನಂಬಿ, 512 ಬೈಟುಗಳ ಜಾಗಕ್ಕೆ 536 ಬೈಟುಗಳನ್ನು ಸುರಿದು, ಆ ಹೆಚ್ಚುವರಿ 24ರ ಬಲದಿಂದಲೇ ಅನೇಕ ಯಂತ್ರಗಳ ಒಳಮನೆಯನ್ನು ಹೊಕ್ಕಿತು. ಇಷ್ಟಾದ ಮೇಲೂ ಗೆಟ್ಸ್ ಮಹಾಶಯನನ್ನು ಭಾಷೆಯ ಅಧಿಕೃತ ಗ್ರಂಥದಿಂದ ಹೊರಹಾಕಲು ಪಂಡಿತರಿಗೆ 2011 ಬರಬೇಕಾಯಿತು. ಲಿನಕ್ಸಿನ ಕೈಪಿಡಿಯಾದರೋ, ಅದರ ಗುಣವರ್ಣನೆಯನ್ನು ‘ಇದನ್ನು ಎಂದಿಗೂ ಬಳಸಬೇಡಿ’ ಎಂಬ ಅರ್ಥದ ಮಾತಿನಿಂದಲೇ ಆರಂಭಿಸುತ್ತದೆ. ವರನ ಗುಣವನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿದ ದಲ್ಲಾಳಿಯನ್ನು ನಾನು ಕಂಡಿಲ್ಲ.

ಬರೆಯುವುದರಲ್ಲಿ ಮಾತ್ರವಲ್ಲ, ಓದುವುದರಲ್ಲಿಯೂ ಅದೇ ಔದಾರ್ಯ. 2014ರಲ್ಲಿ ಬಯಲಾದ ‘ಹಾರ್ಟ್‌ಬ್ಲೀಡ್’ ದೋಷದಲ್ಲಿ, ದೂರದ ಅಪರಿಚಿತನೊಬ್ಬ ಒಂದೇ ಅಕ್ಷರವನ್ನು ಕಳುಹಿಸಿ, ‘ಇದು ಅರವತ್ತು ಸಾವಿರ ಅಕ್ಷರಗಳ ಸಂದೇಶ, ನೀನು ಜೀವಂತವಾಗಿದ್ದರೆ ಹಾಗೆಯೇ ಹಿಂದಿರುಗಿಸು’ ಎಂದರೆ, ಸಿಯಲ್ಲಿ ಬರೆದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವು ಅತಿಥಿಯನ್ನು ಸಂಶಯಿಸುವುದು ಅಸಭ್ಯವೆಂದು ಬಗೆದು, ಆ ಒಂದಕ್ಷರದೊಡನೆ ತನ್ನ ಸ್ಮೃತಿಯಲ್ಲಿ ಮುಂದೆ ಬಿದ್ದಿದ್ದ ಪರರ ಪಾಸ್‌ವರ್ಡುಗಳನ್ನೂ ಸೇರಿಸಿ ಅರವತ್ತು ಸಾವಿರವನ್ನು ಭರ್ತಿಮಾಡಿ ಕೊಡುತ್ತಿತ್ತು.

2006ರಲ್ಲಿ ವ್ಯಾಂಕೂವರಿನ ಗ್ರೇಡನ್ ಹೋರ್ ಎಂಬವರು ಮನೆಗೆ ಬಂದಾಗ, ತಂತ್ರಾಂಶ ಕುಸಿದು ಲಿಫ್ಟು ನಿಂತಿದ್ದುದರಿಂದ, 21ನೆಯ ಮಹಡಿಗೆ ಮೆಟ್ಟಿಲೇರಬೇಕಾಯಿತಂತೆ. ನಾವಾಗಿದ್ದರೆ ವಸತಿಸಂಘದ ಕಾರ್ಯದರ್ಶಿಯನ್ನು ಶಪಿಸಿ ಕಾಫಿ ಕುಡಿದು ಮಲಗುತ್ತಿದ್ದೆವು. ಆ ಪುಣ್ಯಾತ್ಮರು, ಇಂತಹ ಕುಸಿತಗಳಿಗೆ ಹಲವು ವೇಳೆ ಈ ದಾಕ್ಷಿಣ್ಯವೇ ಮೂಲವೆಂದು ಬಗೆದು, ರಸ್ಟ್ ಎಂಬ ಹೊಸ ಭಾಷೆಗೇ ಕೈಹಾಕಿದರು. ಬರೆದುದನ್ನು ಯಂತ್ರಕ್ಕೆ ಅನುವಾದಿಸಿಕೊಡುವ ಇದರ ಕಂಪೈಲರಿಗೆ ದಾಕ್ಷಿಣ್ಯವೆಂಬುದು ಲವಲೇಶವೂ ಇಲ್ಲ. ಒಂದು ಮೌಲ್ಯವನ್ನು ಇನ್ನೊಬ್ಬರಿಗೆ ವಹಿಸಿಕೊಟ್ಟ ಮೇಲೆ ಮತ್ತೆ ಮುಟ್ಟಿದಿರೋ, ಕೊಟ್ಟದ್ದು ಯಾವ ಸಾಲಿನಲ್ಲಿ, ಮುಟ್ಟಿದ್ದು ಯಾವ ಸಾಲಿನಲ್ಲಿ ಎಂಬುದನ್ನು ಅಡಿಗೆರೆಯೆಳೆದು ತೋರಿಸಿ, ಹೀಗೆ ಮಾಡಬಹುದಿತ್ತಲ್ಲ ಎಂದು ಬುದ್ಧಿಯನ್ನೂ ಹೇಳಿ, ಕಡತವನ್ನು ಹಿಂದಕ್ಕೆ ತಳ್ಳುತ್ತದೆ. ಅದು ಹೇಳುವುದು ಬಹುಮಟ್ಟಿಗೆ ನಿಜವೂ ಆಗಿರುವುದು ನನಗೆ ಇನ್ನಷ್ಟು ಅಸಹನೀಯ.

ಆದರೂ ಯಂತ್ರದ ತೀರ ಆಳಕ್ಕೆ ಇಳಿಯಬೇಕಾದವರಿಗಾಗಿ ರಸ್ಟ್ ‘ಅನ್‌ಸೇಫ್’ ಎಂಬ ಹಿತ್ತಲ ಬಾಗಿಲನ್ನು ಇಟ್ಟಿದೆ. ಅದನ್ನು ತೆರೆಯುವವರು, ಈ ಸಾಹಸ ಏತಕ್ಕೆ ನಿರಪಾಯವೆಂಬುದನ್ನು ಮೇಲೊಂದು ಟಿಪ್ಪಣಿಯಲ್ಲಿ ವಿವರಿಸಬೇಕೆಂಬುದು ಶಿಷ್ಟಾಚಾರ. ನಮ್ಮ ತರುಣ ಸಹೋದ್ಯೋಗಿಯೊಬ್ಬರು ಮೊನ್ನೆ ಬರೆದಿದ್ದ ಅಂತಹ ಟಿಪ್ಪಣಿಯನ್ನು ಓದಿದೆ: ‘ಏನೂ ಆಗುವುದಿಲ್ಲ.’