ಬ್ಯುರೆಟ್ ಓದುಗರ ಕುಲಲಕ್ಷಣ ಮೀಮಾಂಸೆ

ಶಕುನದ ಹಕ್ಕಿಗೆ ಶಾಸ್ತ್ರವಿದೆ, ಮೈಮೇಲೆ ಬೀಳುವ ಹಲ್ಲಿಗೂ ಶಾಸ್ತ್ರವಿದೆ. ಪಿಯುಸಿ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಬ್ಯುರೆಟ್ಟಿನ ಮುಂದೆ ಒಂದು ಕಣ್ಣು ಮುಚ್ಚಿ ನಿಲ್ಲುವ ಜೀವಿಗೆ ಮಾತ್ರ ಲಕ್ಷಣಗ್ರಂಥವೊಂದು ಹುಟ್ಟಲೇ ಇಲ್ಲ. ಮೇಜಿನ ಆಚೆ ಬದಿಯಲ್ಲಿ 22 ವರ್ಷ ನಿಂತು ಸವೆದ ಚಪ್ಪಲಿಗಳ ಬಲದ ಮೇಲೆ ಆ ಕೊರತೆಯನ್ನು ನೀಗಲು ಹೊರಟಿದ್ದೇನೆ.

ಮೊದಲು ಕ್ಷೇತ್ರಪರಿಚಯ. ಬ್ಯುರೆಟ್ಟಿನಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್. ಕಾನಿಕಲ್ ಫ್ಲಾಸ್ಕಿನಲ್ಲಿ ಪೈಪೆಟ್‌ನಿಂದ ಬಿಟ್ಟ 10 ಮಿ.ಲೀ. ಆಕ್ಸಾಲಿಕ್ ಆಸಿಡ್, ಜೊತೆಗೆ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್. ಫ್ಲಾಸ್ಕಿನಲ್ಲಿರುವುದೆಲ್ಲವೂ 60–70 ಡಿಗ್ರಿಗೆ ಬೆಚ್ಚಗಾಗಿರಬೇಕು. ಮೊದಲ ಹನಿಗಳು ಬಣ್ಣ ಬಿಡಲು ಸತಾಯಿಸುತ್ತವೆ. ಆ ಕ್ರಿಯೆಯಲ್ಲೇ ಹುಟ್ಟುವ ಮ್ಯಾಂಗನೀಸ್ ಅಯಾನು ಮುಂದಿನ ಹನಿಗಳನ್ನು ಓಡಿಸುತ್ತದೆ. ಕಡೆಗೊಂದು ಹನಿಗೆ ತೆಳು ಗುಲಾಬಿ ಬಂದು, ಹೋಗದೆ ನಿಂತರೆ ಎಂಡ್ ಪಾಯಿಂಟ್. ಬ್ಯುರೆಟ್ಟಿನ ಒಂದು ಸಣ್ಣ ಗೆರೆ 0.1 ಮಿ.ಲೀ.; ಒಂದು ಹನಿ ಹೆಚ್ಚುಕಡಿಮೆ ಅದರ ಅರ್ಧ. ಇಡೀ ಮಹಾಭಾರತ ನಡೆಯುವುದು ಈ ಅರ್ಧ ಗೆರೆಯೊಳಗೆ.

ವಿಲೋಮಿಗಳದು ಮೊದಲ ಕುಲ. ಬ್ಯುರೆಟ್ಟಿನ ಸೊನ್ನೆ ಮೇಲಿದೆ, ಅಂಕಿಗಳು ಕೆಳಗಿಳಿಯುತ್ತವೆ ಎಂಬುದು ಇವರ ಅರಿವಿಗೆ ಬಂದಿರುವುದಿಲ್ಲ. ಹತ್ತರ ಗೆರೆಯಿಂದ ಮೇಲಕ್ಕೆ ಎಣಿಸಿ 9.8ನ್ನು 10.2 ಎನ್ನುತ್ತಾರೆ. ಮುಗ್ಧರು, ಒಂದು ಗದರಿಕೆಗೆ ಸರಿಹೋಗುತ್ತಾರೆ.

ಎರಡನೆಯದು ಗಗನದೃಷ್ಟಿ, ಪಾತಾಳದೃಷ್ಟಿ ಎಂಬ ಜೋಡಿ ಕುಲ. ಉದ್ದನೆಯ ಹುಡುಗ ಮೇಲಿನಿಂದ ಬಗ್ಗಿ ನೋಡಿ ಕಡಿಮೆ ಬರೆಯುತ್ತಾನೆ. ಗಿಡ್ಡನೆಯವನು ಕೆಳಗಿನಿಂದ ಕತ್ತೆತ್ತಿ ಹೆಚ್ಚು ಬರೆಯುತ್ತಾನೆ. ಇಬ್ಬರಿಗೂ ಮದ್ದು ಒಂದು ಸ್ಟೂಲು: ಒಬ್ಬ ಕೂರಬೇಕು, ಇನ್ನೊಬ್ಬ ಹತ್ತಬೇಕು. ಪರ್ಮಾಂಗನೇಟಿನ ಕಡುಬಣ್ಣದಲ್ಲಿ ದ್ರವದ ಕೆಳಬಾಗು ಕಾಣುವುದಿಲ್ಲ, ಹಾಗಾಗಿ ಮೇಲಂಚನ್ನೇ ಓದಬೇಕು. ಇದನ್ನು ಹೇಳಿದ ದಿನ ‘ಸರ್, ನಿನ್ನೆ ಕೆಳಗಿಂದು ಓದಿ ಅಂದಿದ್ರಿ’ ಎಂದು ವಾದಕ್ಕಿಳಿಯುವ ತಾರ್ಕಿಕರ ಉಪಕುಲವೂ ಒಂದಿದೆ.

ಫೂತ್ಕಾರಿಗಳು ಪೈಪೆಟ್ಟಿನ ತುದಿಯಲ್ಲಿ ಉಳಿದ ಕೊನೆಯ ಹನಿಯನ್ನು ಊದಿ ಬೀಳಿಸುವವರು. ಆ ಹನಿಯನ್ನು ಒಳಗೇ ಬಿಟ್ಟುಕೊಂಡು 10 ಮಿ.ಲೀ. ಕೊಡುವಂತೆ ಪೈಪೆಟ್ಟಿಗೆ ಗೆರೆ ಹಾಕಿರುತ್ತಾರೆ. ತುದಿಯನ್ನು ಫ್ಲಾಸ್ಕಿನ ಗೋಡೆಗೆ ಮುಟ್ಟಿಸಿದರೆ ಸಾಕು. ಆದರೆ ಎಲೆಯಲ್ಲಿ ಒಂದಗುಳೂ ಬಿಡಬಾರದೆಂದು ಕಲಿತ ಮನೆಯ ಮಕ್ಕಳಿಗೆ ಇದು ಒಗ್ಗುವುದಿಲ್ಲ.

ಸವ್ವಾಸೇರಿಗರ ಕುಲನಾಮದ ವ್ಯುತ್ಪತ್ತಿ ‘ಸೇರಿಗೆ ಸವ್ವಾಸೇರು’ ಎಂಬ ಗಾದೆಯಲ್ಲಿದೆ. ಸ್ಟಾಪ್‌ಕಾಕ್ ಪೂರ್ತಿ ತಿರುಗಿಸಿ ಪಕ್ಕದವಳ ಜೊತೆ ಮಾತಿಗಿಳಿಯುತ್ತಾರೆ. ತಿರುಗುವಷ್ಟರಲ್ಲಿ ಫ್ಲಾಸ್ಕಿನ ತುಂಬ ಬೀಟ್‌ರೂಟ್ ರಸ. ತಪ್ಪನ್ನು ಎದುರಿಗೇ ಬಣ್ಣದಲ್ಲಿ ತೋರಿಸುವ ಕುಲ ಇದೊಂದೇ, ಹಾಗಾಗಿ ನನಗೆ ಇವರ ಮೇಲೆ ಸ್ವಲ್ಪ ಅಕ್ಕರೆ.

ನಿರ್ಮಾನರು ಅಂಕಿ ಬರೆದು ಮಾನ ಬಿಡುವವರು. ‘ದ್ರಾವಣದ ಸಾಂದ್ರತೆ 3.2’ ಎಂದು ಬರೆದವನನ್ನು ‘ಏನಪ್ಪಾ 3.2? ಎಕರೆಯೋ, ಎಮ್ಮೆಯೋ?’ ಎಂದು ಕೇಳಿದರೆ ‘ಸರ್, ಗೊತ್ತಾಗುತ್ತಲ್ಲಾ’ ಎಂದ. 1999ರಲ್ಲಿ ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋದದ್ದೂ ಹೀಗೆಯೇ: ಒಂದು ತಂಡದ ಲೆಕ್ಕ ಪೌಂಡಿನಲ್ಲಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದುಕೊಂಡಿತ್ತು. ಇದೇ ಕುಲದವರು ಮೋಲ್ ಎಂದರೆ ಮೊಳ ಎಂದುಕೊಂಡದ್ದೂ ಉಂಟು. ಮೋಲ್ ಒಂದು ಎಣಿಕೆ. 2019ರ ಮೇ 20ರಿಂದ ಅದು ನಿಖರವಾಗಿ 6.02214076 × 10²³ ಕಣಗಳು. ಮೊಳ ಎಂದರೆ ಹೂವಾಡಗಿತ್ತಿಯ ಮೊಣಕೈಯಿಂದ ಬೆರಳತುದಿಯವರೆಗೆ.

ದಶಮಾಂಶಲೋಲುಪರ ಕೈಯಲ್ಲಿ ಕ್ಯಾಲ್ಕುಲೇಟರ್ ಇರುತ್ತದೆ. 0.05 ಮೋಲಾರ್ ಆಕ್ಸಾಲಿಕ್ ಆಸಿಡ್ 10 ಮಿ.ಲೀ.; ಐದಕ್ಕೆ ಎರಡರ ಅನುಪಾತ; ಪರ್ಮಾಂಗನೇಟ್ ಇಳಿದದ್ದು 9.8 ಮಿ.ಲೀ. ಭಾಗಿಸಿದರೆ 0.020408163. ಒಂದಂಕಿಯನ್ನೂ ಬಿಡದೆ ಇಳಿಸುತ್ತಾರೆ. ಓದಿದ್ದು 9.8, ಅಂದರೆ ಎರಡೇ ಸಾರ್ಥಕ ಅಂಕಿ. ಆ ಎಂಟರ ಮೇಲೂ ಪೂರ್ತಿ ನಂಬಿಕೆಯಿಲ್ಲ. ಹಾಗಾಗಿ ಹೇಳಬಹುದಾದ್ದು 0.020. ಮಿಕ್ಕ 408163 ಯಾವ ಕಣ್ಣೂ ಕಾಣದ, ಯಾವ ಗಾಜೂ ಹೇಳದ ಸಂಖ್ಯೆ. ‘ಜಾಸ್ತಿ ಬರೆದರೆ ನಷ್ಟವೇನು ಸರ್?’ ಎಂಬುದು ಪೂರ್ವಪಕ್ಷ. ಬರೆದ ಪ್ರತಿ ಅಂಕಿಯೂ ‘ಇಷ್ಟನ್ನು ನಾನು ನೋಡಿದ್ದೇನೆ’ ಎಂಬ ಸಾಕ್ಷಿಹೇಳಿಕೆ, ನೋಡದ್ದಕ್ಕೆ ಸಾಕ್ಷಿ ನುಡಿಯಬಾರದು ಎಂಬುದು ಸಿದ್ಧಾಂತ. 0.020ರ ಕೊನೆಯ ಸೊನ್ನೆಯನ್ನು ‘ಸುಮ್ಮನೆ ಯಾಕೆ’ ಎಂದು ಹೊಡೆದುಹಾಕುವವರೂ ಇವರೇ. ಕಾಣದ ಆರಂಕಿ ಬೇಕು, ಕಂಡ ಸೊನ್ನೆ ಬೇಡ.

ಇನ್ನು ತ್ರಿಕಾಲಜ್ಞಾನಿಗಳು. ಇವರ ಪಟ್ಟಿಯಲ್ಲಿ ಮೂರು ಸಲವೂ 9.8, 9.8, 9.8. ಮೊದಲ ಟೈಟ್ರೇಷನ್ ಮಾಡುತ್ತಾರೆ, ಉಳಿದೆರಡನ್ನು ಜ್ಞಾನದೃಷ್ಟಿಯಿಂದ ಕಾಣುತ್ತಾರೆ. ನಮ್ಮ ಲ್ಯಾಬಿನ ಅಟೆಂಡರ್ ಪುಸ್ತಕ ಮುಟ್ಟದೆ ಇವರನ್ನು ಹಿಡಿಯುತ್ತಿದ್ದರು. ‘ಸರ್, ಆ ಹುಡುಗನ ಬ್ಯುರೆಟ್ ನೋಡಿ, ಇಪ್ಪತ್ತು ಮಿ.ಲೀ. ಖರ್ಚೇ ಆಗಿಲ್ಲ’ ಎಂದು ಕಿವಿಯಲ್ಲಿ ಹೇಳಿ ನೀರು ತರಲು ಹೋಗುತ್ತಿದ್ದರು. ಮೂರೂ ಒಂದೇ ಬಂದರೆ ಸರಿ ಇರಲೇಬೇಕೆಂಬುದೂ ಇವರ ನಂಬಿಕೆ. ಇದಕ್ಕೆ ಹೂವಾಡಗಿತ್ತಿಯೇ ಉತ್ತರ. ನಮ್ಮ ಬಸ್‌ಸ್ಟಾಪಿನ ಅಜ್ಜಿಯ ಕೈ ಗಿಡ್ಡ. ಅವರು ಮೊಳ ಹಾಕಿದರೆ ಹತ್ತು ಸಲವೂ ಒಂದು ಮೊಗ್ಗು ಆಚೀಚೆ ಆಗುವುದಿಲ್ಲ, ಹತ್ತು ಸಲವೂ ಎರಡು ಬೆರಳು ಕಮ್ಮಿ. ಪ್ರತಿ ಸಲ ಒಂದೇ ಬರುವುದು ಬೇರೆ, ನಿಜಕ್ಕೆ ಹತ್ತಿರ ಬರುವುದು ಬೇರೆ. ಅಜ್ಜಿಯ ಮೊಳದಲ್ಲಿ ಮೊದಲನೆಯದಿದೆ. ಅದನ್ನೂ ಅವರು ಅಳೆದೇ ಪಡೆಯುತ್ತಾರೆ.

ಗ್ರಂಥಕ್ಕೆ ಪ್ರಮಾಣ ಹುಡುಕಲು ಮೊನ್ನೆ ಅಟ್ಟದ ಮೇಲಿಂದ ನನ್ನದೇ ಪಿಯುಸಿ ರೆಕಾರ್ಡ್ ಪುಸ್ತಕ ಇಳಿಸಿದೆ. ಪರ್ಮಾಂಗನೇಟಿನ ಪುಟದಲ್ಲಿ 9.8, 9.8, 9.8. ಮೂರನೆಯದರ ಕೆಳಗೆ ಕಾಗದ ತುಸು ತೆಳುವಾಗಿತ್ತು. ಬೆಳಕಿಗೆ ಹಿಡಿದರೆ ರಬ್ಬರಿಗೆ ಪೂರ್ತಿ ಹೋಗದ 10.3. ಪಕ್ಕದಲ್ಲಿ ಮೇಷ್ಟರ ಹಸಿರು ಶಾಯಿಯ ರೈಟು, ಅದರಡಿ ‘ಉತ್ತಮ’.